ಹಳೆಯ ಕೋವಿ, ಮೋಟು ನಳಿಗೆ, ಮದ್ದಿನ ಆಯ್ಕೆ

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಜಮೀನುದಾರರಿಗೂ ಗ್ರಾಮಮುಖ್ಯರಿಗೂ ತಿಳಿವಳಿಕೆ

1. ಪೀಠಿಕೆ

ಅರಸೀಕೆರೆಯ ಬಯಲುಸೀಮೆಯ ರಾಗಿ ಹೊಲಗಳಿಂದ ಹಿಡಿದು, ಹಳೇಬೀಡಿನ ಮೆಕ್ಕೆಜೋಳ ಮತ್ತು ಆಲೂಗೆಡ್ಡೆಯ ತಾಕುಗಳನ್ನು ದಾಟಿ, ಬೇಲೂರಿನ ಪಶ್ಚಿಮಕ್ಕಿರುವ ಬಿಕ್ಕೋಡು, ಅರೇಹಳ್ಳಿಗಳ ಕಾಫಿ ತೋಟಗಳವರೆಗೆ ನೆಲದ ಗುಣವೂ ಮಳೆಯ ಪ್ರಮಾಣವೂ ಬೇರೆಬೇರೆಯಾಗಿದ್ದರೂ, ಒಂದು ಕಷ್ಟವು ಮಾತ್ರ ಎಲ್ಲರಿಗೂ ಸಮಾನವಾಗಿದೆ. ಬೆಳೆಯು ಕೈಗೆ ಬರುವ ಹೊತ್ತಿಗೆ ಕಾಡುಮೃಗಗಳಿಂದುಂಟಾಗುವ ಹಾನಿಯೇ ಆ ಕಷ್ಟ. ರಾಗಿಯ ತೆನೆಯು ಹಾಲುಗಟ್ಟುವ ಕಾಲದಲ್ಲಿ ಹಂದಿಯ ಹಿಂಡೊಂದು ಒಂದು ರಾತ್ರಿ ನುಗ್ಗಿದರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚಾಗುತ್ತದೆ. ಹಂದಿಯೊಡನೆ ಒಕ್ಕಲಿಗನಿಗಿರುವ ಈ ಹಗೆತನವು ಹೊಸದಲ್ಲ. ಮದ್ದೂರು ಸೀಮೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಶಾಸನವೊಂದು ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯ ಹೆಸರಿನಲ್ಲಿ ಕಲ್ಲು ನಿಲ್ಲಿಸಿದುದನ್ನು ತಿಳಿಸುತ್ತದೆ.

ಈ ಕಾರಣದಿಂದ ಈ ಸೀಮೆಯ ಅನೇಕ ಮನೆಗಳಲ್ಲಿ ಬೆಳೆ ಕಾಯುವುದಕ್ಕೆಂದು ಲೈಸೆನ್ಸು ಪಡೆದ ಕೋವಿಗಳುಂಟು. ಇವುಗಳಲ್ಲಿ ಕೆಲವು ತಂದೆ, ಅಜ್ಜಂದಿರ ಕಾಲದಿಂದ ಬಂದವು. ಕೋವಿಯು ಹಳೆಯದು, ಅಂಗಡಿಯ ತೋಟಾ ದುಬಾರಿ, ಎಲ್ಲ ಕಾಲದಲ್ಲಿಯೂ ಅದು ದೊರೆಯುವುದೂ ಇಲ್ಲ. ಆದಕಾರಣ ಹಳೆಯ ಹಿತ್ತಾಳೆ ಕೊಳವೆಗೆ ಕೈಗೆ ಸಿಕ್ಕಿದ ಮದ್ದನ್ನು ತುಂಬುವುದು, ಪೊದೆಯಲ್ಲಿ ತಿರುಗಿಸಲು ಅನುಕೂಲವೆಂದು ನಳಿಗೆಯನ್ನು ಕೊಯ್ಸಿ ಮೋಟು ಮಾಡುವುದು, ಮೋಟು ಮಾಡಿದ ಮೇಲೆ ಹೊಡೆತ ಕುಗ್ಗಿತೆಂದು ಮದ್ದನ್ನು ಹೆಚ್ಚಿಸುವುದು, ಇಂತಹ ಆಲೋಚನೆಗಳು ಹುಟ್ಟುವುದು ಸಹಜ. ಇವುಗಳಲ್ಲಿ ಒಂದೊಂದೂ ಏತಕ್ಕೆ ಅಪಾಯಕರವೆಂಬುದನ್ನು ಕಾರಣಸಹಿತವಾಗಿ ತಿಳಿಸುವುದೇ ಈ ಬರಹದ ಉದ್ದೇಶ. ಹೋದ ಬೆಳೆಯನ್ನು ಮುಂದಿನ ವರ್ಷ ಬೆಳೆಯಬಹುದು. ಹೋದ ಕಣ್ಣನ್ನೂ ಕೈಯನ್ನೂ ಮರಳಿ ಪಡೆಯುವ ಉಪಾಯವಿಲ್ಲ.

2. ಮದ್ದಿನ ಎರಡು ಜಾತಿಗಳು

ಕೋವಿಗೆ ಬಳಸುವ ಮದ್ದು ಎರಡು ಜಾತಿಯದು. ಮೊದಲನೆಯದು ಕರಿಮದ್ದು. ಪೆಟ್ಲುಪ್ಪು, ಇದ್ದಿಲು, ಗಂಧಕ ಇವುಗಳ ಮಿಶ್ರಣವಾದ ಇದು ನೂರಾರು ವರ್ಷಗಳಿಂದ ಬಳಕೆಯಲ್ಲಿರುವುದು. ಇದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಆವಿಯಾಗದೆ ಘನಪದಾರ್ಥವಾಗಿಯೇ ಉಳಿಯುತ್ತದೆ. ದಟ್ಟವಾದ ಬಿಳಿಯ ಹೊಗೆಯಾಗಿ ಹೊರಬೀಳುವುದೂ, ನಳಿಗೆಯೊಳಗೆ ಕರಿಯ ಮಸಿಯಾಗಿ ಅಂಟುವುದೂ ಅದೇ.

ಎರಡನೆಯದು ಹೊಗೆಯಿಲ್ಲದ ಮದ್ದು. ಫ್ರಾನ್ಸ್ ದೇಶದ ಪಾಲ್ ವಿಯೇಲ್ ಎಂಬಾತನು 1884ರಲ್ಲಿ ಇದನ್ನು ಸೇನೆಯ ಬಳಕೆಗೆ ತಕ್ಕ ರೂಪಕ್ಕೆ ತಂದನು. ಆಲ್‌ಫ್ರೆಡ್ ನೊಬೆಲನು 1887ರಲ್ಲಿ ಬ್ಯಾಲಿಸ್ಟೈಟನ್ನೂ, ಇಂಗ್ಲೆಂಡಿನಲ್ಲಿ ಆಬೆಲ್ ಮತ್ತು ಡ್ಯೂವರ್ ಎಂಬ ಪಂಡಿತರು 1889ರಲ್ಲಿ ಕಾರ್ಡೈಟನ್ನೂ ಸಿದ್ಧಪಡಿಸಿದರು. ನಮ್ಮ ಸೀಮೆಗೆ ದೂರವಲ್ಲದ ನೀಲಗಿರಿಯ ಅರುವಂಕಾಡಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಥಾಪಿತವಾದ ಕಾರ್ಖಾನೆಯು ಈ ಕಾರ್ಡೈಟಿನ ಹೆಸರನ್ನೇ ಹೊತ್ತಿತು. ಈ ಮದ್ದು ಉರಿದಾಗ ಬಹುಮಟ್ಟಿಗೆ ಎಲ್ಲವೂ ಆವಿಯಾಗುತ್ತದೆ. ಆದುದರಿಂದ ಹೊಗೆ ಕಡಮೆ, ಬಲವು ಅಧಿಕ.

ಬಲವು ಅಧಿಕವೆಂಬುದೊಂದೇ ಇವೆರಡರ ಭೇದವಲ್ಲ. ಮುಖ್ಯ ಭೇದವು ಉರಿಯುವ ಬಗೆಯಲ್ಲಿದೆ. ಕರಿಮದ್ದು ಉರಿಯುವ ವೇಗವು ಸುತ್ತಲಿನ ಒತ್ತಡವು ಏರಿದರೂ ಅಷ್ಟಾಗಿ ಏರುವುದಿಲ್ಲ. ಹೊಗೆಯಿಲ್ಲದ ಮದ್ದಿನ ಸ್ವಭಾವವು ಇದಕ್ಕೆ ವಿರುದ್ಧವಾದದ್ದು. ಬಯಲಿನಲ್ಲಿ ಚಿಟಿಕೆಯಷ್ಟು ಸುರಿದು ಕಡ್ಡಿ ಗೀರಿದರೆ ಕರಿಮದ್ದು ಭುಸ್ಸೆಂದು ಒಮ್ಮೆಗೆ ಹೋಗುವುದು. ಹೊಗೆಯಿಲ್ಲದ ಮದ್ದು ಮೆಲ್ಲಗೆ ಉರಿಯುವುದು. ಇದನ್ನು ಕಂಡವರು ಎರಡನೆಯದು ಸಾಧುವೆಂದು ಭ್ರಮಿಸುತ್ತಾರೆ. ಆದರೆ ಮುಚ್ಚಿದ ತೋಟಾದೊಳಗೆ ಒತ್ತಡವು ಏರಿದಂತೆ ಇದರ ಉರಿಯುವ ವೇಗವೂ ಏರುತ್ತದೆ. ವೇಗವು ಏರಿದಂತೆ ಒತ್ತಡವು ಮತ್ತಷ್ಟು ಏರುತ್ತದೆ. ಒಂದು ಮೇರೆಯನ್ನು ಮೀರಿದರೆ ಇದನ್ನು ತಡೆಯುವುದು ಯಾವುದೂ ಇಲ್ಲ.

ಇದಕ್ಕೆ ಕೆರೆಯ ದೃಷ್ಟಾಂತವನ್ನು ಹೇಳಬಹುದು. ಹಳೇಬೀಡಿನ ದೋರಸಮುದ್ರದ ಕೆರೆಯ ನೀರು ತೂಬಿನ ಮೂಲಕ ಹರಿದರೆ ಗದ್ದೆಗಳು ತಣಿಯುತ್ತವೆ. ಅದೇ ನೀರು ಒಂದೇ ಗಳಿಗೆಯಲ್ಲಿ ಹೊರಹೊರಟರೆ ಏರಿ ಒಡೆಯುತ್ತದೆ, ಗದ್ದೆಯೂ ಕೊಚ್ಚಿಹೋಗುತ್ತದೆ. ನೀರಿನ ಪ್ರಮಾಣವು ಒಂದೇ. ಹೊರಡುವ ಕಾಲದ ವ್ಯತ್ಯಾಸವೇ ಎಲ್ಲಕ್ಕೂ ಮೂಲ. ಕೋವಿಯಲ್ಲಿ ನಳಿಗೆಯ ಬುಡವೇ ಏರಿ. ಕರಿಮದ್ದಿಗೆಂದು ಕಟ್ಟಿದ ಏರಿಯು ಹೊಗೆಯಿಲ್ಲದ ಮದ್ದಿನ ಪ್ರವಾಹವನ್ನು ತಡೆಯಲಾರದು.

3. ಅಳತೆಗೆ ಅಳತೆ ಎಂಬ ತಪ್ಪು

ಕೇಪಿನ ಕೋವಿಯುಳ್ಳವರು ಕರಿಮದ್ದು ಸಿಗದಿರುವಾಗ ಹೊಸ ತೋಟಾ ಒಂದನ್ನು ಬಿಚ್ಚಿ ಅದರೊಳಗಿನ ಮದ್ದನ್ನು ಹಿಂದಿನ ಅಳತೆಯಲ್ಲಿಯೇ ನಳಿಗೆಗೆ ಸುರಿಯುವುದು ಎಲ್ಲ ತಪ್ಪುಗಳಲ್ಲಿ ಘೋರವಾದದ್ದು. ಇದರ ಪರಿಣಾಮವನ್ನು ತಿಳಿಯಲು ಬ್ರಿಟಿಷ್ ಸೇನೆಯ 303 ಬೋರಿನ ರೈಫಲಿನ ಚರಿತ್ರೆಯನ್ನು ನೋಡಿದರೆ ಸಾಕು.

ಆ ರೈಫಲು 1888ರಲ್ಲಿ ಸೇನೆಗೆ ಬಂದಾಗ ಅದರ ತೋಟಾದಲ್ಲಿದ್ದುದು ಅದುಮಿದ ಕರಿಮದ್ದು, ಸುಮಾರು 70 ಗ್ರೈನು. ಒಂದು ತೊಲಕ್ಕೆ 180 ಗ್ರೈನುಗಳಾದುದರಿಂದ ಇದು ಅರ್ಧ ತೊಲಕ್ಕೂ ಕಡಮೆ. ಕೆಲವೇ ವರ್ಷಗಳಲ್ಲಿ ಕರಿಮದ್ದಿನ ಬದಲು ಕಾರ್ಡೈಟನ್ನು ತುಂಬಿದರು. ಆಗ ಬೇಕಾದದ್ದು ಸುಮಾರು 31 ಗ್ರೈನು ಮಾತ್ರ. ಅಂದರೆ ತೂಕದಲ್ಲಿ ಅರ್ಧಕ್ಕಿಂತ ಕಡಮೆ ಮದ್ದಿನಿಂದ ಅದೇ ಗುಂಡು ಮೊದಲಿಗಿಂತ ಹೆಚ್ಚು ವೇಗವಾಗಿ ಹೋಯಿತು. ಕರಿಮದ್ದಿನ ಅಳತೆಯಷ್ಟೇ ಹೊಗೆಯಿಲ್ಲದ ಮದ್ದನ್ನು ಸುರಿದವನು ನಳಿಗೆಯು ತಾಳಬಲ್ಲುದರ ಎಷ್ಟೋ ಪಾಲನ್ನು ಅದರ ಮೇಲೆ ಹೇರಿದಂತಾಗುವುದೆಂಬುದು ಇದರಿಂದ ಸ್ಪಷ್ಟ.

ಕಾರ್ಡೈಟಿನ ಬಲವಲ್ಲದೆ ಅದರ ಶಾಖವೂ ಅಧಿಕ. ಆ ರೈಫಲಿನ ನಳಿಗೆಯೊಳಗೆ ಮೆಟ್‌ಫರ್ಡ್ ಎಂಬಾತನ ವಿಧಾನದಂತೆ ಆಳವಿಲ್ಲದ ಏಳು ಸುರುಳಿ ತೋಡುಗಳಿದ್ದವು. ಕರಿಮದ್ದಿನ ಮಸಿಯು ಅಂಟದಿರಲೆಂದು ಮಾಡಿದ್ದ ಈ ತೋಡುಗಳು ಕಾರ್ಡೈಟಿನ ಶಾಖಕ್ಕೆ ಬೇಗನೆ ಸವೆದುಹೋದವು. ಕೊನೆಗೆ 1895ರಲ್ಲಿ ಸರ್ಕಾರವು ನಳಿಗೆಯನ್ನೇ ಬದಲಾಯಿಸಿ ಎನ್‌ಫೀಲ್ಡ್ ವಿಧಾನದ ಆಳವಾದ ಐದು ತೋಡುಗಳನ್ನು ಕೊರೆಯಿಸಬೇಕಾಯಿತು. ಸಾಮ್ರಾಜ್ಯದ ಕಾರ್ಖಾನೆಗಳೇ ಮದ್ದನ್ನು ಬದಲಿಸಿದಾಗ ನಳಿಗೆಯನ್ನೂ ಬದಲಿಸಬೇಕಾಗಿ ಬಂದಿರುವಲ್ಲಿ, ಮನೆಯ ಜಗುಲಿಯ ಮೇಲೆ ಕುಳಿತು ಮದ್ದನ್ನು ಮಾತ್ರ ಬದಲಿಸುವವನ ಸಾಹಸವನ್ನು ಏನೆಂದು ಹೇಳಬೇಕು?

ಚರೆಯ ತೋಟಾಗಳ ಪೆಟ್ಟಿಗೆಯ ಮೇಲೆ ಕೆಲವೆಡೆ ಕಾಣುವ ಡ್ರಾಮಿನ ಲೆಕ್ಕದಿಂದಲೂ ಮೋಸಹೋಗುವುದುಂಟು. ಪೆಟ್ಟಿಗೆಯ ಮೇಲೆ 3 ಡ್ರಾಮ್ ಸಮಾನವೆಂದು ಬರೆದಿದ್ದರೆ ಒಳಗೆ 3 ಡ್ರಾಮ್ ಮದ್ದು ಇದೆಯೆಂದು ಅರ್ಥವಲ್ಲ. 3 ಡ್ರಾಮ್, ಅಂದರೆ ಸುಮಾರು 82 ಗ್ರೈನು ಕರಿಮದ್ದಿನಿಂದ ಚರೆಗೆ ಬರುವಷ್ಟು ವೇಗವು ಈ ತೋಟಾದಿಂದಲೂ ಬರುವುದೆಂದಷ್ಟೇ ಅದರ ಅರ್ಥ. ಒಳಗಿರುವ ಹೊಗೆಯಿಲ್ಲದ ಮದ್ದಿನ ತೂಕವು ಅದಕ್ಕಿಂತ ಬಹಳ ಕಡಮೆ. ಈ ಬರವಣಿಗೆಯನ್ನು ಅಳತೆಯೆಂದು ತಿಳಿದು ತುಂಬುವವನು ತನ್ನ ಕೈಯಾರೆ ಸಿಡಿಗುಂಡನ್ನು ಮಾಡಿಕೊಂಡಂತೆ.

ಇನ್ನು ಕೆಲವರು, ಹೆಚ್ಚು ತುಂಬಿದರೆ ತಾನೇ ಅಪಾಯ, ಕಡಮೆ ತುಂಬಿದರೆ ಕ್ಷೇಮವಲ್ಲವೇ ಎನ್ನುವುದುಂಟು. ಇದೂ ಸರಿಯಲ್ಲ. ಬಲ ಸಾಲದ ಈಡಿನಲ್ಲಿ ಗುಂಡು ನಳಿಗೆಯ ನಡುವೆಯೇ ನಿಂತುಬಿಡಬಹುದು. ಕತ್ತಲೆಯಲ್ಲಿ, ಹಂದಿಯ ಗದ್ದಲದಲ್ಲಿ, ಅದು ಹೊರಬಿತ್ತೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ಅದರ ಹಿಂದೆ ಎರಡನೆಯ ಈಡು ಹೊಡೆದಾಗ ನಳಿಗೆಯು ಸೀಳುತ್ತದೆ. ನಳಿಗೆಯ ಕೆಳಗೆ ಆಧಾರವಾಗಿ ಹಿಡಿದ ಕೈಗೆ ಆಗ ಉಳಿವಿಲ್ಲ.

4. ಮೋಟು ನಳಿಗೆಯ ವಿಚಾರ

ಮದ್ದಿಗೆ ಗುಂಡನ್ನು ದೂಡಲು ನಳಿಗೆಯ ಉದ್ದವು ಬೇಕು. ಕೇಪು ಸಿಡಿದು ಮದ್ದು ಹೊತ್ತಿಕೊಂಡ ಕೂಡಲೆ ಬುಡದಲ್ಲಿ ಒತ್ತಡವು ಶಿಖರಕ್ಕೇರುತ್ತದೆ. ಆಗ ಗುಂಡು ಇನ್ನೂ ಕೆಲವು ಅಂಗುಲ ಮಾತ್ರ ಸರಿದಿರುತ್ತದೆ. ಅಲ್ಲಿಂದ ಮುಂದೆ ನಳಿಗೆಯ ಬಾಯವರೆಗೆ ಆವಿಯು ಹಿಗ್ಗುತ್ತ ಗುಂಡಿಗೆ ವೇಗವನ್ನು ಕೊಡುತ್ತ ಹೋಗುತ್ತದೆ. ನಳಿಗೆಯನ್ನು ಮೊಟಕುಗೊಳಿಸಿದರೆ ಈ ಎರಡನೆಯ ಕೆಲಸಕ್ಕೆ ಎಡೆಯು ಕಡಮೆಯಾಗುತ್ತದೆ. ಬುಡದ ಒತ್ತಡವಾದರೋ ಮೊದಲಿನಷ್ಟೇ ಇರುತ್ತದೆ. ಅಂದರೆ ಕೋವಿಯ ಮೇಲಿನ ಭಾರವು ಒಂದಿಷ್ಟೂ ತಗ್ಗದೆ ಗುಂಡಿನ ವೇಗ ಮಾತ್ರ ತಗ್ಗುತ್ತದೆ. ಮಿಕ್ಕ ಆವಿಯೂ ಉರಿಯದೆ ಉಳಿದ ಮದ್ದೂ ಬಾಯಿಯ ಹೊರಗೆ ಬೆಂಕಿಯ ನಾಲಗೆಯಾಗಿ ಚಾಚುತ್ತವೆ. ರಾತ್ರಿಯ ಕಾವಲಿನವನ ಕಣ್ಣು ಕೋರೈಸುತ್ತದೆ, ಕಿವಿ ಗುಯ್ಯೆನ್ನುತ್ತದೆ, ಹಿಂದೂಡುವಿಕೆಯೂ ಹೆಚ್ಚುತ್ತದೆ. ನಿಧಾನವಾಗಿ ಉರಿಯುವ ಮದ್ದಾದಷ್ಟೂ ಈ ನಷ್ಟವು ಹೆಚ್ಚು.

ಮೋಟು ನಳಿಗೆಯನ್ನು ಸೇನೆಗಳು ಹೇಗೆ ನಿಭಾಯಿಸಿದುವೆಂಬುದನ್ನು ನೋಡುವುದು ಉಪಯುಕ್ತ. 1871ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಮಾರ್ಟಿನಿ ಹೆನ್ರಿ ರೈಫಲಿನ ನಳಿಗೆಯು ಸುಮಾರು 33 ಅಂಗುಲ. ಅದರ ತೋಟಾದಲ್ಲಿ 85 ಗ್ರೈನು ಕರಿಮದ್ದು, 480 ಗ್ರೈನು ತೂಕದ ಸೀಸದ ಗುಂಡು. ಕುದುರೆಸವಾರರಿಗಾಗಿ ಅದನ್ನೇ ಸುಮಾರು 21 ಅಂಗುಲದ ನಳಿಗೆಯ ಕಾರ್ಬೈನಾಗಿ ಮಾಡಿದಾಗ, ವೇಗವು ತಗ್ಗಿತೆಂದು ಮದ್ದನ್ನು ಹೆಚ್ಚಿಸಲಿಲ್ಲ. ಅದಕ್ಕೆ ವಿರುದ್ಧವಾಗಿ ಮದ್ದನ್ನು 70 ಗ್ರೈನಿಗೂ ಗುಂಡನ್ನು 410 ಗ್ರೈನಿಗೂ ಇಳಿಸಿ ಬೇರೆ ತೋಟಾವನ್ನೇ ತಯಾರಿಸಿದರು. ಹಗುರವಾದ ಮೋಟು ಕೋವಿಯಲ್ಲಿ ಪೂರ್ಣ ತೋಟಾದ ಒದೆತವು ಸವಾರನಿಗೆ ಅಸಹನೀಯವಾದುದೇ ಇದಕ್ಕೆ ಕಾರಣ. ಮೋಟು ನಳಿಗೆಗೆ ಮದ್ದು ಕಡಮೆಯಾಗಬೇಕೇ ಹೊರತು ಹೆಚ್ಚಾಗಕೂಡದೆಂಬ ಪಾಠವು ಇಲ್ಲಿದೆ.

ಇನ್ನೊಂದು ಉದಾಹರಣೆಯು ಎರಡನೆಯ ಮಹಾಯುದ್ಧದ್ದು. 303 ರೈಫಲಿನ 25 ಅಂಗುಲದಷ್ಟಿದ್ದ ನಳಿಗೆಯನ್ನು 1944ರಲ್ಲಿ 19 ಅಂಗುಲಕ್ಕೂ ಕಡಮೆ ಮಾಡಿ, ಕಾಡಿನ ಯುದ್ಧಕ್ಕೆಂದು ಹಗುರವಾದ ಕಾರ್ಬೈನನ್ನು ತಯಾರಿಸಿದರು. ಜಂಗಲ್ ಕಾರ್ಬೈನ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಕೋವಿಗೆ ಬೆಂಕಿಯ ನಾಲಗೆಯನ್ನು ಮರೆಮಾಡಲು ಬಾಯಿಗೆ ಆಲಿಕೆಯಂತಹ ತಗಡನ್ನೂ, ಒದೆತವನ್ನು ತಾಳಲು ಹಿಡಿಯ ತುದಿಗೆ ರಬ್ಬರನ್ನೂ ಸೇರಿಸಬೇಕಾಯಿತು. ಇಷ್ಟಾದರೂ ಸಿಪಾಯಿಗಳು ಅದರ ಒದೆತವನ್ನೂ, ಗುರಿಯು ಸ್ಥಿರವಾಗಿ ನಿಲ್ಲದುದನ್ನೂ ದೂರಿದರು. ಯಂತ್ರಗಳೂ ಪರೀಕ್ಷಾಲಯಗಳೂ ಉಳ್ಳವರಿಗೇ ಹೀಗಾದಲ್ಲಿ, ಊರ ಕಮ್ಮಾರನು ಗರಗಸದಿಂದ ಕೊಯ್ದ ನಳಿಗೆಯ ಫಲವನ್ನು ಊಹಿಸಬಹುದು.

ಮೋಟು ನಳಿಗೆಯಲ್ಲಿ ಕಳೆದ ವೇಗವನ್ನು ಬೇಗ ಉರಿಯುವ ಮದ್ದಿನಿಂದ ಮರಳಿ ಪಡೆಯಬಹುದೆಂಬ ಮಾತೂ ಕೇಳಿಬರುತ್ತದೆ. ಬೇಗ ಉರಿಯುವ ಮದ್ದು ತನ್ನ ಬಲವನ್ನೆಲ್ಲ ಬುಡದಲ್ಲಿಯೇ ಕಾರುತ್ತದೆ. ಅಂದರೆ ಹಳೆಯ ಕೋವಿಯು ಎಲ್ಲಿ ದುರ್ಬಲವೋ ಅಲ್ಲಿಯೇ ಹೊಡೆತವು ಬೀಳುತ್ತದೆ. ಒಳ್ಳೆಯ ಉಕ್ಕಿನಿಂದ ಹೊಸದಾಗಿ ಮಾಡಿದ ಆಯುಧಗಳಿಗೆ, ಒತ್ತಡವನ್ನು ಅಳೆಯುವ ಉಪಕರಣಗಳುಳ್ಳ ಕಾರ್ಖಾನೆಯವರು ಇಂತಹ ಮದ್ದನ್ನು ಆರಿಸಬಲ್ಲರು. ತಕ್ಕಡಿಯನ್ನೂ ಚಮಚವನ್ನೂ ಮಾತ್ರ ಉಳ್ಳವರಿಗೆ ಇದು ಸಾಧ್ಯವಲ್ಲ. ನಳಿಗೆಯ ಒಳಗೆ ನಡೆಯುವುದನ್ನು ಕಣ್ಣು ಕಾಣದು. ಒಡೆದ ಮೇಲೆಯೇ ತಿಳಿಯುವುದು.

ಚರೆಯ ಕೋವಿಯನ್ನು ಕೊಯ್ಯುವುದರಿಂದ ಇನ್ನೊಂದು ನಷ್ಟವೂ ಉಂಟು. ನಳಿಗೆಯ ಬಾಯಿಯ ಬಳಿ ಚರೆಯು ಚದರದಂತೆ ಕಿರಿದುಮಾಡಿದ ಭಾಗವಿರುತ್ತದೆ. ಕೊಯ್ದಾಗ ಮೊದಲು ಹೋಗುವುದು ಅದೇ. ಆಮೇಲೆ ಚರೆಯು ಎಲ್ಲೆಡೆಗೂ ಚೆಲ್ಲಿ, ಹಂದಿಗೆ ತಾಗದೆ ಪಕ್ಕದ ಹೊಲದ ಕಾವಲಿನವನಿಗೆ ತಾಗಬಹುದು.

5. ಕೋವಿಯ ಮೈಮೇಲಿನ ಮುದ್ರೆಗಳು

ಯಾವ ಕೋವಿಗೆ ಯಾವ ಮದ್ದು ಸಲ್ಲುವುದೆಂಬುದನ್ನು ಕೋವಿಯೇ ಹೇಳುತ್ತದೆ. ನಳಿಗೆಯ ಬುಡದಲ್ಲಿ, ಮರದ ಹಿಡಿಯಿಂದ ಬಿಚ್ಚಿದಾಗ ಕಾಣುವ ಕಡೆಯಲ್ಲಿ, ಪರೀಕ್ಷಾಮುದ್ರೆಗಳನ್ನು ಒತ್ತಿರುತ್ತಾರೆ. ಇಂಗ್ಲೆಂಡಿನ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯಗಳು ಪ್ರತಿಯೊಂದು ನಳಿಗೆಯಲ್ಲಿಯೂ ಮಾಮೂಲಿಗಿಂತ ಹೆಚ್ಚಿನ ಈಡನ್ನು ಹೊಡೆದು, ತಾಳಿದ ನಳಿಗೆಗೆ ಮಾತ್ರ ಮುದ್ರೆ ಹಾಕುವ ಪದ್ಧತಿಯಿದೆ. ಇಪ್ಪತ್ತನೆಯ ಶತಮಾನದ ಆರಂಭದಿಂದ ಈಚೆಗೆ, ಹೊಗೆಯಿಲ್ಲದ ಮದ್ದಿನಿಂದ ಪರೀಕ್ಷಿಸಿದ ನಳಿಗೆಗಳ ಮೇಲೆ ಇಂಗ್ಲಿಷಿನ ಎನ್, ಪಿ ಎಂಬ ಎರಡು ಅಕ್ಷರಗಳ ಮುದ್ರೆಯಾಗಲಿ, ನೈಟ್ರೋ ಪ್ರೂಫ್ ಎಂಬ ಬರವಣಿಗೆಯಾಗಲಿ ಇರುತ್ತದೆ. ಬೆಲ್ಜಿಯಮ್ಮಿನ ಲಿಯೇಜ್ ಪಟ್ಟಣದ ಕೋವಿಗಳ ಮೇಲೆ ಇ, ಎಲ್, ಜಿ ಎಂಬ ಅಕ್ಷರಗಳ ಮೊಟ್ಟೆಯಾಕಾರದ ಮುದ್ರೆಯಿದ್ದು, ಹೊಗೆಯಿಲ್ಲದ ಮದ್ದನ್ನು ತಾಳಿದವುಗಳಿಗೆ ಪಿ, ವಿ ಎಂಬ ಅಕ್ಷರಗಳು ಸೇರಿರುತ್ತವೆ. ಇಂತಹ ಗುರುತಿಲ್ಲದ ಹಳೆಯ ಕೋವಿಯನ್ನು ಕರಿಮದ್ದಿನ ಕೋವಿಯೆಂದೇ ಭಾವಿಸತಕ್ಕದ್ದು. ಗುರುತು ಇದ್ದರೂ ಅದು ಪರೀಕ್ಷೆ ನಡೆದ ದಿನದ ಬಲಕ್ಕೆ ಸಾಕ್ಷಿಯೇ ಹೊರತು, ನೂರು ಮಳೆಗಾಲಗಳನ್ನು ಕಂಡ ಇಂದಿನ ಬಲಕ್ಕೆ ಅಲ್ಲ.

ಮೈಯೆಲ್ಲ ನೀರಿನ ಸುಳಿಯಂತೆ ಗೆರೆಗಳುಳ್ಳ ಡಮಾಸ್ಕಸ್ ನಳಿಗೆಗಳನ್ನು ವಿಶೇಷವಾಗಿ ಎಚ್ಚರಿಕೆಯಿಂದ ನೋಡತಕ್ಕದ್ದು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಕಾಸಿ ಬೆಸೆದ ಇವು ನೋಟಕ್ಕೆ ಸುಂದರ. ಆದರೆ ಬೆಸುಗೆಯ ನಡುವೆ ತುಕ್ಕು ಸೇರಿದ್ದರೆ ಹೊರಗಿನಿಂದ ಕಾಣದು.

12 ಬೋರಿನ ಕೋವಿಗಳಲ್ಲಿ ತೋಟಾದ ಉದ್ದವನ್ನೂ ಗಮನಿಸಬೇಕು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವು 65 ಮಿಲಿಮೀಟರ್ ತೋಟಾಕ್ಕೆಂದು ಮಾಡಿದವು. ಈಗಿನ 70 ಮಿಲಿಮೀಟರ್ ತೋಟಾವೂ ಅವುಗಳೊಳಗೆ ತೊಡಕಿಲ್ಲದೆ ಕೂಡುತ್ತದೆ. ಏಕೆಂದರೆ ಬಾಯಿ ಮಡಿಸಿದ ತೋಟಾ ಗಿಡ್ಡಾಗಿರುತ್ತದೆ. ಹೊಡೆದಾಗ ಮಡಿಕೆಯು ಬಿಚ್ಚಿ ಮುಂದೆ ಚಾಚಿ, ನಳಿಗೆಯು ಕಿರಿದಾಗುವ ಎಡೆಗೆ ಸಿಕ್ಕಿ, ಚರೆಯ ದಾರಿಯನ್ನು ಇಕ್ಕಟ್ಟುಮಾಡಿ ಒತ್ತಡವನ್ನು ಏರಿಸುತ್ತದೆ. ಕೂಡಿತೆಂದ ಮಾತ್ರಕ್ಕೆ ಸಲ್ಲಿತೆಂದು ತಿಳಿಯಕೂಡದು.

6. ಹಿತ್ತಾಳೆ ತೋಟಾ ಮತ್ತು ದನದ ಕೊಟ್ಟಿಗೆ

ಹಳೆಯ ಹಿತ್ತಾಳೆ ಕೊಳವೆಗಳ ವಿಚಾರದಲ್ಲಿ ಭಾರತದಲ್ಲಿಯೇ ನಡೆದ ಒಂದು ಸಂಗತಿಯು ಒಕ್ಕಲಿಗರಿಗೆ ಬಹಳ ಉಪಯುಕ್ತವಾದದ್ದು. ಬ್ರಿಟಿಷ್ ಸೇನೆಯವರು ಮಳೆಗಾಲದಲ್ಲಿ ದಂಡಯಾತ್ರೆಗಳನ್ನು ನಿಲ್ಲಿಸಿ, ತೋಟಾಗಳನ್ನು ಕುದುರೆಲಾಯಗಳಲ್ಲಿ ದಾಸ್ತಾನು ಮಾಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಅನೇಕ ಕೊಳವೆಗಳು, ಅದರಲ್ಲಿಯೂ ಗುಂಡನ್ನು ಬಿಗಿದು ಹಿಡಿದಿರುವ ಕುತ್ತಿಗೆಯ ಬಳಿ, ತಾವೇ ಬಿರುಕುಬಿಟ್ಟಿರುತ್ತಿದ್ದವು. ಯಾರೂ ಹೊಡೆದಿಲ್ಲ, ಬೀಳಿಸಿಲ್ಲ. ಋತುವಿಗೆ ತಕ್ಕಂತೆ ಕಾಣಿಸಿಕೊಳ್ಳುತ್ತಿದ್ದುದರಿಂದ ಇದನ್ನು ಇಂಗ್ಲಿಷಿನಲ್ಲಿ ಋತುಬಿರುಕು ಎಂಬ ಅರ್ಥದ ಹೆಸರಿನಿಂದಲೇ ಕರೆದರು. ಇದರ ನಿಜವಾದ ಕಾರಣವನ್ನು ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ವಿಜ್ಞಾನಿಗಳು 1921ರಲ್ಲಿ ವಿವರಿಸಿದರು. ಕುದುರೆಯ ಗಂಜಲದಿಂದೇಳುವ ಅಮೋನಿಯವು ತೇವದ ಗಾಳಿಯೊಡನೆ ಸೇರಿ ಹಿತ್ತಾಳೆಯಲ್ಲಿನ ತಾಮ್ರವನ್ನು ಕೊರೆಯುತ್ತದೆ. ಕೊಳವೆಯನ್ನು ತಣ್ಣಗಿರುವಾಗಲೇ ಎಳೆದು ರೂಪಿಸಿದ್ದರಿಂದ ಲೋಹದೊಳಗೆ ಉಳಿದಿರುವ ಬಿಗಿತವು ಆ ಕೊರೆತದ ಎಡೆಯಲ್ಲಿ ಬಿರುಕಾಗಿ ಹೊರಬೀಳುತ್ತದೆ.

ಬೇಲೂರಿನ ಕಡೆಯ ಮನೆಗಳಲ್ಲಿ ಕೊಟ್ಟಿಗೆಯು ಮನೆಗೆ ಹೊಂದಿಕೊಂಡಿರುವುದೇ ವಾಡಿಕೆ. ಅದರ ಅಟ್ಟದ ಮೇಲೆ ತೋಟಾಗಳ ಡಬ್ಬಿಯನ್ನಿಟ್ಟರೆ ಆಷಾಢ, ಶ್ರಾವಣಗಳ ತೇವ ಮತ್ತು ದನದ ಗಂಜಲದ ಆವಿ ಇವೆರಡೂ ಕೂಡಿ ಇದೇ ಅನರ್ಥವನ್ನು ಉಂಟುಮಾಡುತ್ತವೆ. ಗೊಬ್ಬರದ ಯೂರಿಯಾ ಮೂಟೆಗಳನ್ನಿಡುವ ಉಗ್ರಾಣವೂ ಅಷ್ಟೇ ಅಯೋಗ್ಯ. ಬಿರುಕುಬಿಟ್ಟ ಕೊಳವೆಯು ಸುಡುವ ಆವಿಯನ್ನು ಹಿಂದಕ್ಕೆ, ಹೊಡೆಯುವವನ ಮುಖದ ಕಡೆಗೆ ಬಿಡುತ್ತದೆ.

ಹಳೆಯ ಕೊಳವೆಗಳಲ್ಲಿ ಇನ್ನೊಂದು ದೋಷವೂ ಉಂಟು. ಹಿಂದಿನ ಕೇಪುಗಳಲ್ಲಿ ಪಾದರಸದ ಸಿಡಿಲವಣವನ್ನು ಬಳಸುತ್ತಿದ್ದರು. ಹೊಡೆದಾಗ ಬಿಡುಗಡೆಯಾಗುವ ಪಾದರಸವು ಹಿತ್ತಾಳೆಯೊಳಕ್ಕೆ ಇಳಿದು ಅದನ್ನು ಪೆಡಸುಮಾಡುತ್ತದೆ. ಅಂತಹ ಕೊಳವೆಯು ತಿಕ್ಕಿದರೆ ಹೊಸದರಂತೆ ಹೊಳೆಯುತ್ತದೆ, ತುಂಬಿ ಹೊಡೆದರೆ ಒಡೆಯುತ್ತದೆ. ಆದುದರಿಂದ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಕೊಳವೆಗಳನ್ನು ಎರಡನೆಯ ಬಾರಿ ತುಂಬುವ ಮಾತೇ ಸಲ್ಲದು. ಇಂತಹ ಹಳೆಯ ತೋಟಾಗಳನ್ನು ಬೆಂಕಿಗೂ ಬಾವಿಗೂ ಎಸೆಯದೆ ಪೊಲೀಸ್ ಠಾಣೆಗೆ ತಿಳಿಸಿ ಒಪ್ಪಿಸತಕ್ಕದ್ದು.

7. ಮಳೆಗಾಲದ ಜೋಪಾನ

ಕರಿಮದ್ದಿನ ಮಸಿಯು ಉಪ್ಪಿನಂತೆ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ಕೇಪುಗಳ ಶೇಷವೂ ಹಾಗೆಯೇ. ಎಣ್ಣೆಯೊಂದರಿಂದಲೇ ಇವು ಹೋಗುವುದಿಲ್ಲ. ಹೊಡೆದ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಒಣಬಟ್ಟೆಯಿಂದ ತೇವವಿಲ್ಲದಂತೆ ಒರಸಿ, ಆಮೇಲೆ ತೆಳುವಾಗಿ ಎಣ್ಣೆ ಸವರತಕ್ಕದ್ದು. ಮರುದಿನ ನೋಡೋಣವೆಂದು ಬಿಟ್ಟರೆ ಬೇಲೂರಿನ ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ. ನಳಿಗೆಯ ಗೋಡೆಯು ಸವೆಯುವುದು ಹೀಗೆಯೇ.

ಕೋವಿಯನ್ನು ಎತ್ತಿಕೊಳ್ಳುವಾಗ, ಅದರಲ್ಲಿ ಈಡು ಇಲ್ಲವೆಂದು ಖಚಿತಪಡಿಸಿಕೊಂಡು, ಬುಡದ ಕಡೆಯಿಂದ ನಳಿಗೆಯೊಳಗೆ ಬೆಳಕು ಕಾಣುವುದೇ ಎಂದು ನೋಡತಕ್ಕದ್ದು. ಗೋಡೆಗೆ ಆನಿಸಿಟ್ಟ ಕೋವಿಯ ಬಾಯಿಯಲ್ಲಿ ಕಣಜದ ಹುಳುವು ಮಣ್ಣಿನ ಗೂಡು ಕಟ್ಟುವುದು ಹಳ್ಳಿಗರಿಗೆ ತಿಳಿದ ವಿಷಯವೇ. ಹೊಲದ ಬದುವನ್ನು ಹತ್ತುವಾಗ ಬಾಯಿಗೆ ಮೆತ್ತಿದ ಕೆಸರೂ ಅಷ್ಟೇ ಕೆಟ್ಟದ್ದು. ಅಂಗೈಯಲ್ಲಿ ಹಿಡಿಯುವಷ್ಟು ಮಣ್ಣು ಉಕ್ಕಿನ ನಳಿಗೆಯನ್ನು ಬಾಳೆಯ ಸಿಪ್ಪೆಯಂತೆ ಸುಲಿಯಬಲ್ಲದು. ಚುನಾವಣೆಯ ಕಾಲದಲ್ಲಿ ಠಾಣೆಯಲ್ಲಿ ಠೇವಣಿಯಿಟ್ಟ ಕೋವಿಯನ್ನು ಹಿಂದಕ್ಕೆ ತಂದಾಗಲೂ, ಮೊದಲ ಈಡಿಗೆ ಮುಂಚೆ ಈ ಪರೀಕ್ಷೆಯನ್ನು ಮಾಡತಕ್ಕದ್ದು. 12 ಬೋರಿನ ತೋಟಾಗಳೊಡನೆ 20 ಬೋರಿನವನ್ನು ಒಂದೇ ಚೀಲದಲ್ಲಿ ಇಡಕೂಡದು. ಕಿರಿದಾದ ತೋಟಾ 12 ಬೋರಿನ ನಳಿಗೆಯೊಳಗೆ ಜಾರಿ ನಡುವೆ ಸಿಕ್ಕಿಕೊಳ್ಳುತ್ತದೆ. ಖಾಲಿಯೆಂದು ಭಾವಿಸಿ ಇನ್ನೊಂದನ್ನು ಹಾಕಿ ಹೊಡೆದವರು ಕೈ ಕಳೆದುಕೊಂಡ ಉದಾಹರಣೆಗಳು ಲೋಕದಲ್ಲಿ ಹಲವುಂಟು.

8. ಕಾನೂನಿನ ವಿಚಾರ

1959ರ ಆಯುಧಗಳ ಕಾಯಿದೆಯ 5ನೆಯ ಪ್ರಕರಣದಂತೆ ಲೈಸೆನ್ಸಿಲ್ಲದೆ ಆಯುಧವನ್ನಾಗಲಿ ತೋಟಾವನ್ನಾಗಲಿ ತಯಾರಿಸಕೂಡದು. 6ನೆಯ ಪ್ರಕರಣದಂತೆ ನಳಿಗೆಯನ್ನು ಮೊಟಕುಮಾಡುವುದಕ್ಕೂ ಪ್ರತ್ಯೇಕ ಲೈಸೆನ್ಸು ಬೇಕು. ಕೋವಿಯನ್ನು ಇಟ್ಟುಕೊಳ್ಳುವ ಲೈಸೆನ್ಸು ಇವೆರಡಕ್ಕೂ ಸಲ್ಲುವುದಿಲ್ಲ. ತೋಡಿಲ್ಲದ ನಳಿಗೆಯ ಕೋವಿಯು 20 ಅಂಗುಲಕ್ಕಿಂತ ಗಿಡ್ಡವಾದರೆ ಅದು ನಿಷಿದ್ಧ ಆಯುಧಗಳ ವರ್ಗಕ್ಕೆ ಸೇರುತ್ತದೆ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದ ತಯಾರಿಕೆಗೂ ನಳಿಗೆಯನ್ನು ಮೊಟಕುಮಾಡುವುದಕ್ಕೂ ಕನಿಷ್ಠ 7 ವರ್ಷಗಳ ಸೆರೆವಾಸವನ್ನು ವಿಧಿಸಲಾಗಿದೆ. ಕೊಯ್ಸಿದ ಯಜಮಾನನಂತೆಯೇ ಕೊಯ್ದ ಕಮ್ಮಾರನೂ ಅಪರಾಧಿಯಾಗುವನೆಂಬುದನ್ನು ಗ್ರಾಮಮುಖ್ಯರು ಕುಲುಮೆಯವರಿಗೆ ತಿಳಿಯಹೇಳಬೇಕು.

ಸೇನೆಯ ತೋಟಾವನ್ನು ಹಿಡಿಯುವ 303 ಬೋರು ಸಾಮಾನ್ಯ ಪ್ರಜೆಗಳಿಗೆ ನಿಷಿದ್ಧವಾದುದು. ಅದರ ಬದಲಿಗೆ ಬಂಗಾಳದ ಈಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯು 315 ಬೋರಿನ ರೈಫಲನ್ನು ತಯಾರಿಸಿತು. ಅದಕ್ಕೆ ತಕ್ಕ ತೋಟಾಗಳು ಕಾರ್ಖಾನೆಯಿಂದಲೇ ಬರುತ್ತವೆ. ಕೇಪಿನ ಕೋವಿಯುಳ್ಳವರು ಲೈಸೆನ್ಸಿನಲ್ಲಿ ನಮೂದಿಸಿರುವ ಪ್ರಮಾಣಕ್ಕೆ ಮೀರದಂತೆ ಕರಿಮದ್ದನ್ನು ಲೈಸೆನ್ಸುಳ್ಳ ಅಂಗಡಿಯಲ್ಲಿಯೇ ಕೊಳ್ಳತಕ್ಕದ್ದು. ಪಟಾಕಿಯನ್ನು ಬಿಚ್ಚಿದ ಮದ್ದೂ, ಕಲ್ಲುಕ್ವಾರಿಯ ಮದ್ದೂ ಕೋವಿಗೆ ಸಲ್ಲತಕ್ಕವಲ್ಲ.

ಬೆಳೆ ಕಾಯುವ ಲೈಸೆನ್ಸು ಇದ್ದ ಮಾತ್ರಕ್ಕೆ ಯಾವ ಮೃಗವನ್ನಾದರೂ ಕೊಲ್ಲಬಹುದೆಂದು ಅರ್ಥವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಬೆಳೆಗೆ ಹಾನಿಮಾಡುವ ಹಂದಿಯನ್ನು ಕೊಲ್ಲುವುದಕ್ಕೂ ಅರಣ್ಯಾಧಿಕಾರಿಗಳ ಲಿಖಿತ ಅಪ್ಪಣೆಯು ಬೇಕು. ಅರೇಹಳ್ಳಿ, ಬಿಕ್ಕೋಡುಗಳ ಕಡೆ ಬರುವ ಆನೆಯೂ, ಅರಸೀಕೆರೆಯ ಗುಡ್ಡಗಳ ಕರಡಿ, ಚಿರತೆಗಳೂ ಅತ್ಯುನ್ನತ ರಕ್ಷಣೆಗೆ ಒಳಪಟ್ಟವು. ಆದಕಾರಣ ಕೋವಿಯು ಬಹುಮಟ್ಟಿಗೆ ಸದ್ದುಮಾಡಿ ಬೆದರಿಸುವ ಸಾಧನವೆಂದೇ ತಿಳಿಯತಕ್ಕದ್ದು. ಸದ್ದಿಗೆ ವೇಗವೂ ಬೇಡ, ಬಲವಾದ ಮದ್ದೂ ಬೇಡ. ಬೆಳೆ ಹಾನಿಯಾದಲ್ಲಿ ಕೂಡಲೆ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರವನ್ನು ಕೋರುವ ಹಕ್ಕು ರೈತನಿಗುಂಟು.

9. ಉಪಸಂಹಾರ

ಮೇಲೆ ವಿವರಿಸಿದುದರ ಸಾರಾಂಶವನ್ನು ಗ್ರಾಮಮುಖ್ಯರು ಊರವರು ಸೇರಿದ ಕಡೆ ಓದಿ ಹೇಳುವ ಅನುಕೂಲಕ್ಕಾಗಿ ಇಲ್ಲಿ ಕೊಡಲಾಗಿದೆ.

(1) ಕರಿಮದ್ದಿನ ಕೋವಿಗೆ ಹೊಗೆಯಿಲ್ಲದ ಮದ್ದನ್ನು ಯಾವ ಅಳತೆಯಲ್ಲಿಯೂ ಹಾಕಕೂಡದು, ಎರಡನ್ನೂ ಬೆರಸಕೂಡದು.

(2) ಪರೀಕ್ಷಾಮುದ್ರೆಯನ್ನು ತಿಳಿದವರಿಂದ ಓದಿಸಿದ ಹೊರತು ಹಳೆಯ ಕೋವಿಯಲ್ಲಿ ಹೊಸ ತೋಟಾ ಹೊಡೆಯಕೂಡದು.

(3) ನಳಿಗೆಯನ್ನು ಕೊಯ್ಸಕೂಡದು. ಮೋಟು ನಳಿಗೆಯ ಕುಂದನ್ನು ಮದ್ದಿನಿಂದ ತುಂಬಲು ಹೋಗಕೂಡದು.

(4) ಹಳೆಯ ಹಿತ್ತಾಳೆ ಕೊಳವೆಗಳನ್ನು ತಿರುಗಿ ತುಂಬಕೂಡದು. ತೋಟಾವನ್ನು ಕೋವಿಯ ಮೇಲೆ ಬರೆದಿರುವ ಬೋರಿಗೂ ಉದ್ದಕ್ಕೂ ಸರಿಯಾಗಿ, ಲೈಸೆನ್ಸುಳ್ಳ ಅಂಗಡಿಯಿಂದಲೇ ಕೊಳ್ಳತಕ್ಕದ್ದು.

(5) ತೋಟಾಗಳನ್ನು ಕೊಟ್ಟಿಗೆ, ಗೊಬ್ಬರದ ಉಗ್ರಾಣ, ಒಲೆಯ ಅಟ್ಟ ಇವುಗಳಿಂದ ದೂರವಾಗಿ, ಒಣಗಿದ ಸ್ಥಳದಲ್ಲಿ ಬೀಗದಲ್ಲಿಡತಕ್ಕದ್ದು.

(6) ಈಡಿನ ಸದ್ದು ಕ್ಷೀಣವಾಗಿ ಕೇಳಿದರೆ ಎರಡನೆಯ ಈಡು ಹೊಡೆಯದೆ, ನಳಿಗೆಯನ್ನು ಬರಿದುಮಾಡಿ ನೋಡತಕ್ಕದ್ದು.

(7) ಬಿರುಕು, ಸಡಿಲವಾದ ಕೀಲು, ಆಳವಾದ ತುಕ್ಕು ಕಂಡ ಕೋವಿಯನ್ನು ಲೈಸೆನ್ಸುಳ್ಳ ರಿಪೇರಿಗಾರನಿಗೆ ತೋರಿಸತಕ್ಕದ್ದು. ಆತನು ಕೂಡದೆಂದರೆ ಅದನ್ನು ಠಾಣೆಗೆ ಒಪ್ಪಿಸುವುದೇ ವಿವೇಕ.

ಹಿರಿಯರಿಂದ ಬಂದ ಕೋವಿಯನ್ನು ಒಪ್ಪಿಸಿಬಿಡುವುದು ಮನಸ್ಸಿಗೆ ಹಿತವಾದ ಮಾತಲ್ಲ. ಆದರೆ ಮುದಿಯಾದ ಎತ್ತನ್ನು ಯಾವ ಒಕ್ಕಲಿಗನೂ ಹೊಸ ನೇಗಿಲಿಗೆ ಕಟ್ಟುವುದಿಲ್ಲ. ಅದರ ದುಡಿಮೆಯನ್ನು ನೆನೆದು ಅದಕ್ಕೆ ವಿಶ್ರಾಂತಿಯನ್ನು ಕೊಡುತ್ತಾನೆ. ಹಳೆಯ ಕೋವಿಗೂ ಅದೇ ನ್ಯಾಯವು ಸಲ್ಲತಕ್ಕದ್ದು.